ಕಾಲು ಹೋದ ಮೇಲೆ ಜೀವದ ಲೆಕ್ಕ ಇಡುವವರು ಯಾರು?

"ಕಾಲು ಹೋದ್ರೆ ಹೋಗ್ಲಿ ಬಿಡು, ಜೀವ ಉಳೀತಲ್ಲ."

ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಕೂತು ನಮ್ಮ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನ ಇದು. ಈ ಮಾತು ಅರ್ಧ ಸತ್ಯ. ಉಳಿದ ಅರ್ಧವನ್ನು ನಮ್ಮ ಕೇರಿಗಳಿಗೆ ಯಾರೂ ಬಂದು ಹೇಳಿಲ್ಲ. ಅದನ್ನು ಹೇಳುವುದಕ್ಕಾಗಿ ನಾವು ಇದನ್ನು ಬರೆಯುತ್ತಿದ್ದೇವೆ.

ಲಾರಿಗೆ ಸಿಕ್ಕಿ ಕಾಲು ಕಳಕೊಂಡವನ ಕತೆ ಬೇರೆ. ರಕ್ತನಾಳ ಕಟ್ಟಿಕೊಂಡು, ಬೆರಳು ಕಪ್ಪಾಗಿ, ಕಾಲು ಕೊಳೆತು ಕತ್ತರಿಸಿಕೊಂಡವನ ಕತೆ ಬೇರೆ. ಎರಡನೆಯವನಿಗೆ ಆಪರೇಷನ್ ಆದ ಮಾತ್ರಕ್ಕೆ ಗಂಡಾಂತರ ಕಳೆಯಲಿಲ್ಲ. ಹೊರದೇಶಗಳಲ್ಲಿ ಇದರ ಲೆಕ್ಕ ಇಟ್ಟಿದ್ದಾರೆ. ರಕ್ತನಾಳದ ಕಾಯಿಲೆಯಿಂದ ಮಂಡಿಯ ಕೆಳಗೋ ಮೇಲೋ ಕಾಲು ಕತ್ತರಿಸಿಕೊಂಡವರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನ ಒಂದು ವರ್ಷದೊಳಗೆ ತೀರಿಹೋಗುತ್ತಾರೆ. 5 ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಜನ ಇರುವುದಿಲ್ಲ. ಎಷ್ಟೋ ಬಗೆಯ ಕ್ಯಾನ್ಸರಿನಲ್ಲಿ ಇದಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ಕ್ಯಾನ್ಸರ್ ಅಂದರೆ ಊರೇ ಬೆಚ್ಚಿ ಬೀಳುತ್ತದೆ. ಕಾಲು ತೆಗೆದರಂತೆ ಅಂದರೆ "ಅಯ್ಯೋ ಪಾಪ" ಅಂದು ಸುಮ್ಮನಾಗುತ್ತದೆ.

ಯಾಕೆ ಸಾಯುತ್ತಾರೆ? ಕಾಲಿನ ಗಾಯದಿಂದ ಅಂದುಕೊಂಡರೆ ತಪ್ಪು. ಗಾಯದ ನಂಜಿನಿಂದಲೂ ಸಾಯುವವರಿದ್ದಾರೆ, ನಿಜ. ಆದರೆ ಹೆಚ್ಚಿನವರನ್ನು ಕೊಲ್ಲುವುದು ಹೃದಯ. ಕಾಲಿನ ನಾಳದಲ್ಲಿ ಕೊಬ್ಬು ಕಟ್ಟಿದ ಕಾಯಿಲೆಯೇ ಎದೆಯ ನಾಳದಲ್ಲೂ ಇರುತ್ತದೆ, ಮಿದುಳಿನ ನಾಳದಲ್ಲೂ ಇರುತ್ತದೆ. ಡಾಕ್ಟರು ಕತ್ತರಿಸಿದ್ದು ಕಾಲನ್ನು. ಕಾಯಿಲೆ ಒಳಗೇ ಉಳಿದಿದೆ. ಆರು ತಿಂಗಳಾದ ಮೇಲೆ ಒಂದು ದಿನ ಎದೆ ಹಿಡಿದುಕೊಂಡು ಕುಸಿದರೆ, "ಕಾಲು ಹೋದ ಕೊರಗಲ್ಲೇ ಸತ್ತ" ಅಂತಾರೆ. ಇನ್ನು ಕೆಲವರು "ಪೂರ್ವಜನ್ಮದ ಕರ್ಮ" ಅಂತಾರೆ. ಕರ್ಮದ ಮಾತು ಹೇಳಿ ನಮ್ಮನ್ನು ಸಾವಿರಾರು ವರ್ಷ ಊರಾಚೆ ಇಟ್ಟರು. ಈಗ ಅದೇ ಮಾತು ನಮ್ಮ ಸಾವಿಗೂ ಕಾರಣ ಆಗಬೇಕೆ?

ಕಾಲು ಒಂದೇ ದಿನಕ್ಕೆ ಕೊಳೆಯುವುದಿಲ್ಲ. ಮೊದಲೇ ಕೂಗಿ ಹೇಳುತ್ತದೆ. ಮೂಟೆ ಹೊರುವವನು ಒಂದಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಬಿಡುತ್ತದೆ. ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ಮೇಸ್ತ್ರಿ "ಸೋಮಾರಿ ನನ್ಮಗ" ಅಂತಾನೆ. ಮನೆಯವರು "ವಯಸ್ಸಾಯ್ತು" ಅಂತಾರೆ. ಆಮೇಲೆ ರಾತ್ರಿ ಮಲಗಿದಾಗಲೂ ಪಾದ ಉರಿಯುತ್ತದೆ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರಷ್ಟೇ ಸ್ವಲ್ಪ ಸಮಾಧಾನ. ಸಕ್ಕರೆ ಕಾಯಿಲೆಯೂ ಇದ್ದರೆ ಪಾದಕ್ಕೆ ಸ್ಪರ್ಶವೇ ಸತ್ತಿರುತ್ತದೆ. ಮುಳ್ಳು ಮುರಿದರೂ ಗೊತ್ತಾಗುವುದಿಲ್ಲ, ಕಾದ ಡಾಂಬರು ಸುಟ್ಟರೂ ಗೊತ್ತಾಗುವುದಿಲ್ಲ. ಸಣ್ಣ ಗಾಯ ಮಾಯುವುದಿಲ್ಲ. ಒಂದು ದಿನ ಬೆರಳು ಕಪ್ಪಾಗುತ್ತದೆ. ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋಯ್ತು. ಕೂಲಿ ಹೋದರೆ ಅವತ್ತಿನ ಒಲೆ ಹೋಯ್ತು. ಅದಕ್ಕೇ ಸೊಪ್ಪು ಅರೆದು ಕಟ್ಟುತ್ತಾರೆ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಬಂದಿದೆ, ಒಳ್ಳೆಯದೇ. ಆಪರೇಷನ್ ಖರ್ಚನ್ನು ಕಾರ್ಡು ಹೊರಬಹುದು. ಕಳೆದುಹೋದ ಕೂಲಿಯನ್ನು ಯಾವ ಕಾರ್ಡು ಕೊಡುತ್ತದೆ?

ಬೇಗ ಬಂದರೆ ಕಟ್ಟಿದ ನಾಳವನ್ನು ಬಲೂನು ಹಾಕಿ ತೆರೆಯಬಹುದು, ಬೈಪಾಸ್ ಮಾಡಬಹುದು. ಎಷ್ಟೋ ಕಾಲುಗಳು ಹೀಗೆ ಉಳಿದಿವೆ. ಬೇಗ ಗೊತ್ತಾಗಲು ದೊಡ್ಡ ಯಂತ್ರ ಬೇಕಿಲ್ಲ. ಮೊದಲು ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಬೇಕು. ಅನುಮಾನ ಬಂದರೆ ಹಿಮ್ಮಡಿಯ ಮೇಲಿನ ಗಂಟಿನ ಹತ್ತಿರ ಬಿ.ಪಿ. ಪಟ್ಟಿ ಕಟ್ಟಿ, ಸಣ್ಣದೊಂದು ಡಾಪ್ಲರ್ ಇಟ್ಟು, ತೋಳಿನ ಬಿ.ಪಿ. ಜೊತೆ ಹೋಲಿಸಬೇಕು. ಆದರೆ ಪಾದ ನೋಡಬೇಕಾದರೆ ಚಪ್ಪಲಿ ಬಿಚ್ಚಿಸಬೇಕಲ್ಲ! ಊರ ಬೀದಿಯಲ್ಲಿ ನಮ್ಮ ತಾತಂದಿರ ಚಪ್ಪಲಿ ಬಿಚ್ಚಿಸಿ ಕೈಯಲ್ಲಿ ಹಿಡಿಸಿದರು. ಬಿಚ್ಚಿಸಿ ನೋಡಲೇಬೇಕಾದ ಆಸ್ಪತ್ರೆಯಲ್ಲಿ ಮಾತ್ರ ನಮ್ಮ ಪಾದ ಯಾರಿಗೂ ಬೇಡ.

ಬೀಡಿಯ ವಿಷಯವನ್ನೂ ನೇರವಾಗಿ ಹೇಳಬೇಕು. ಹೊಗೆಸೊಪ್ಪಿನಿಂದಲೇ ಬರುವ ಒಂದು ನಾಳದ ಕಾಯಿಲೆ ಇದೆ. 1908ರಲ್ಲಿ ಅದನ್ನು ವಿವರಿಸಿ ಬರೆದ ಲಿಯೋ ಬರ್ಗರ್ ಎಂಬ ಡಾಕ್ಟರ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಅದು ಹೆಚ್ಚಾಗಿ 45 ದಾಟದ ಗಂಡಸರನ್ನು ಹಿಡಿಯುತ್ತದೆ. ಬೀಡಿಯನ್ನು ಪೂರ್ತಿ ಬಿಟ್ಟವನ ಕಾಲು ಸಾಮಾನ್ಯವಾಗಿ ಉಳಿಯುತ್ತದೆ. ಬಿಡದವನದು ಬೆರಳು, ಪಾದ, ಕಾಲು ಅಂತ ಒಂದೊಂದೇ ಹೋಗುತ್ತದೆ. ಹಸಿವು ಮುಚ್ಚಲು, ದಣಿವು ಮರೆಯಲು ಬೀಡಿ ಹಚ್ಚುವವನನ್ನು ಬೈಯುವುದಕ್ಕೆ ನಾವು ಬಂದಿಲ್ಲ. ಅಣ್ಣಾ, ಆ ಬೀಡಿ ನಿನ್ನ ಕಾಲನ್ನೇ ಸೇದುತ್ತಿದೆ ಅಂತ ಹೇಳುವುದು ನಮ್ಮ ಕೆಲಸ.

ಕಾಲು ಹೋಗಿಯೇ ಬಿಟ್ಟಿದೆ ಅನ್ನೋಣ. ಆಗ ಮಾಡುವಂಥದ್ದು ಏನೂ ಇಲ್ಲವೆ? ಬೇಕಾದಷ್ಟಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ಎರಡೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಡಾಕ್ಟರು ಬರೆದುಕೊಟ್ಟರೆ ಇವನ್ನು ಬಿಡದೆ ನುಂಗಬೇಕು. ಶುಗರ್ರು, ಬಿ.ಪಿ. ಹತೋಟಿಯಲ್ಲಿರಬೇಕು. ಉಳಿದ ಒಂದು ಕಾಲನ್ನು ದಿನಾ ನೋಡಿಕೊಳ್ಳಬೇಕು, ಯಾಕೆಂದರೆ ಕಾಯಿಲೆ ಅದನ್ನೂ ಹುಡುಕಿಕೊಂಡು ಬರುತ್ತದೆ. ಸಾಧ್ಯವಾದ ಕಡೆ ಮಂಡಿ ಉಳಿಸಲೇಬೇಕು. ಮಂಡಿಯ ಮೇಲೆ ಕತ್ತರಿಸಿಕೊಂಡವನಿಗೆ ಕೃತಕ ಕಾಲಲ್ಲಿ ನಡೆಯಲು ಮಾಮೂಲಿಗಿಂತ ಅರ್ಧಕ್ಕೂ ಹೆಚ್ಚು ಶಕ್ತಿ ಬೇಕು. ಸೋತ ಹೃದಯ ಅದನ್ನು ಎಲ್ಲಿಂದ ತರಬೇಕು? ನಡೆಯಲಾಗದವನು ಮೂಲೆಯಲ್ಲಿ ಬೀಳುತ್ತಾನೆ, ಮೂಲೆಯಲ್ಲಿ ಬಿದ್ದವನು ಬೇಗ ಹೋಗುತ್ತಾನೆ.

ಕೃತಕ ಕಾಲು ಅಂದಾಗ ಒಂದು ಸಂಗತಿ ನೆನಪಿರಲಿ. 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ಡಾ. ಪಿ.ಕೆ. ಸೇಠಿ ಅವರ ಜೊತೆ ಸೇರಿ ಜೈಪುರ ಕಾಲನ್ನು ರೂಪಿಸಿದ್ದು ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ. ರಬ್ಬರು, ಮರದ ಆ ಪಾದದಲ್ಲಿ ಕೆಸರಲ್ಲಿ ನಡೆಯಬಹುದು, ಬರಿಗಾಲಲ್ಲೇ ಓಡಾಡಬಹುದು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಡಾಕ್ಟರಿಗೆ ಬಂತು. ಡಾಕ್ಟರ ಬಗ್ಗೆ ನಮಗೆ ಗೌರವ ಇದೆ. ಆದರೆ ಕೈಕಸುಬಿನವನ ಹೆಸರನ್ನು ಈ ದೇಶ ಯಾವತ್ತೂ ಎರಡನೇ ಸಾಲಲ್ಲೇ ಬರೆಯುತ್ತದೆ.

ನಮ್ಮಲ್ಲೂ ಅಂಥ ಕೈಗಳಿವೆ. ಸ್ಪರ್ಶ ಸತ್ತ ಪಾದಕ್ಕೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಇದೆ. ಕುಷ್ಠರೋಗಿಗಳ ಪಾದ ಉಳಿಸಲು ಬಳಸುವ ಚಪ್ಪಲಿಯೂ ಅದೇ. ಊರಿಗೆಲ್ಲ ಮೆಟ್ಟು ಹೊಲಿದು ತಾವು ಬರಿಗಾಲಲ್ಲಿ ನಡೆದ ಮಾದಿಗರ, ಸಮಗಾರರ ಮಕ್ಕಳಿಗೆ ಇದನ್ನು ಕಲಿಸಿದರೆ ಸಾವಿರಾರು ಕಾಲು ಉಳಿಯುತ್ತವೆ, ಅವರ ಒಲೆಯೂ ಉರಿಯುತ್ತದೆ.

2010ರಲ್ಲಿ ಬ್ರಿಟನ್ನಿನ ರಕ್ತನಾಳ ಡಾಕ್ಟರುಗಳ ಸಂಘ ಒಂದು ಗುರಿ ಹಾಕಿಕೊಂಡಿತು: ಕಾಲು ಕತ್ತರಿಸುವ ಆಪರೇಷನ್ನಿನ ಹೊತ್ತಿನ ಸಾವು ನೂರಕ್ಕೆ 5ಕ್ಕಿಂತ ಕಡಿಮೆ ಆಗಬೇಕು ಅಂತ. ಲೆಕ್ಕ ಇಟ್ಟಿದ್ದರಿಂದ ಗುರಿ ಇಡಲು ಆಯಿತು. ಇಲ್ಲಿ ಆಪರೇಷನ್ ಮುಗಿದು ಹೊಲಿಗೆ ಬಿಚ್ಚಿದರೆ ಕಡತ ಮುಚ್ಚುತ್ತದೆ. ಕಡತ ಮುಚ್ಚಿದ ಮೇಲೆ ಸತ್ತವನು ಯಾರ ಲೆಕ್ಕಕ್ಕೂ ಇಲ್ಲ.

ಆದ್ದರಿಂದ ನಮ್ಮ ಒತ್ತಾಯಗಳು ಇವು:

1. ಸರ್ಕಾರಿ ಆಸ್ಪತ್ರೆಯಲ್ಲಿ ಕಾಲು ಕಳಕೊಂಡ ಪ್ರತಿಯೊಬ್ಬರೂ ಒಂದು ವರ್ಷದ ಮೇಲೆ ಬದುಕಿದ್ದಾರೋ ಇಲ್ಲವೋ ಎಂಬುದನ್ನು ಬರೆದಿಡಬೇಕು. ಕಸುಬು, ಜಾತಿ ಎರಡನ್ನೂ ಬರೆಯಬೇಕು.

2. ಮನೆಗೆ ಕಳಿಸುವ ಮೊದಲು ಹೃದಯ ಪರೀಕ್ಷೆ ಆಗಬೇಕು. ಮಾತ್ರೆಗಳು ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗಬೇಕು.

3. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಮಾಣಪತ್ರವನ್ನು ವಾರ್ಡಿನಲ್ಲೇ ಕೊಡಬೇಕು. ಕಾಲಿಲ್ಲದವನನ್ನು ಕಚೇರಿಗೆ ಅಲೆಸುವುದು ಯಾವ ನ್ಯಾಯ?

4. ಶುಗರ್ ನೋಡುವ ಕಡೆಯಲ್ಲೆಲ್ಲ ಪಾದವನ್ನೂ ನೋಡಬೇಕು.

5. ಎಂಸಿಆರ್ ಚಪ್ಪಲಿ ಹೊಲಿಯುವ ಕೆಲಸವನ್ನು ಲಿಡ್ಕರ್ ಮೂಲಕ ನಮ್ಮ ಕೈಗಳಿಗೆ ಕೊಡಬೇಕು.

ಗೆಳೆಯರೇ, ಬಾಬಾಸಾಹೇಬರನ್ನೂ ಸಕ್ಕರೆ ಕಾಯಿಲೆ ಕಾಡಿತ್ತು. 1948ರ ಹೊತ್ತಿಗೆ ಕಾಲುನೋವಿನಿಂದ ಅವರಿಗೆ ರಾತ್ರಿ ನಿದ್ದೆ ಇರಲಿಲ್ಲ. ಆ ನೋವಿನಲ್ಲೇ ಸಂವಿಧಾನದ ಕೆಲಸ ಮಾಡಿದರು. 1956ರಲ್ಲಿ ನಮ್ಮನ್ನು ಬಿಟ್ಟು ಹೋದಾಗ ಅವರಿಗೆ 65 ವರ್ಷ. ಪ್ರತಿಮೆಯ ಪಾದಕ್ಕೆ ಹೂವಿಡುವ ದಿನ, ಕೇರಿಯ ಹಿರಿಯರ ಪಾದಗಳನ್ನೂ ನೋಡೋಣ. ಮಾಯದ ಗಾಯ, ಕಪ್ಪು ಬೆರಳು, ನಡೆದರೆ ಹಿಡಿಯುವ ಮೀನಖಂಡ ಕಂಡರೆ ಅವರನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಕಾಲು ಹೋದವರ ಮನೆಗೆ ತಿಂಗಳಿಗೊಮ್ಮೆ ಹೋಗಿ ಮಾತ್ರೆ ಇದೆಯಾ ಅಂತ ಕೇಳೋಣ. ಸರ್ಕಾರ ಲೆಕ್ಕ ಇಡುವ ತನಕ ನಾವೇ ಒಂದು ನೋಟುಬುಕ್ಕಿನಲ್ಲಿ ಲೆಕ್ಕ ಇಡೋಣ. ಆ ನೋಟುಬುಕ್ಕನ್ನು ಹಿಡಿದುಕೊಂಡೇ ಜಿಲ್ಲಾಧಿಕಾರಿಯ ಕಚೇರಿಗೆ ಹೋಗೋಣ.

ಜೈ ಭೀಮ್.