ಮನೆಯ ಚರಿತ್ರೆ ಬಾಯಿಮಾತಿಗೆ ಬಿಡುವಂಥದ್ದಲ್ಲ



1948ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಜಯನಗರದಲ್ಲಿ ಹಳೆಯ ಒಂಟಿ ಮನೆಗಳು ಒಂದೊಂದಾಗಿ ಕೈಬದಲಾಗುತ್ತಿವೆ. ಅಪ್ಪ ಕಟ್ಟಿಸಿದ ಮನೆ, ಅಮೆರಿಕದಲ್ಲಿ ನೆಲೆನಿಂತ ಮಕ್ಕಳು, ಗೇಟಿಗೆ ಬೀಗ, ಆಮೇಲೆ ಮಾರಾಟ. ಕೊಳ್ಳುವವರು ತೇಗದ ಬಾಗಿಲು, ರೆಡ್‌ಆಕ್ಸೈಡ್ ನೆಲ ನೋಡಿ ಮೆಚ್ಚುತ್ತಾರೆ. ಮನೆಯ ಚರಿತ್ರೆಯನ್ನು ಮಾತ್ರ ದಲ್ಲಾಳಿಯ ಬಾಯಿಮಾತಿಗೆ ಬಿಡುತ್ತಾರೆ. ಜೀವಮಾನದ ಉಳಿತಾಯ ಸುರಿಯುವವರ ಈ ಉದಾಸೀನ ನನ್ನನ್ನು ಕಳವಳಗೊಳಿಸಿದೆ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆಸ್ತಿಯ ಋಣಭಾರ ಪತ್ರ ಕೂತಲ್ಲೇ ಸಿಗುತ್ತದೆ, ಸಂತೋಷ. ಆದರೆ ಅಲ್ಲಿರುವುದು 2004ರಿಂದ ಈಚಿನ ದಾಖಲೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಈ ಪತ್ರದ ನಮೂನೆ 15ರಲ್ಲಿ ನೋಂದಾಯಿತ ಕ್ರಯ, ದಾನ, ಅಡಮಾನಗಳು ಕಾಣುತ್ತವೆ. ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಾಯಿತ ವ್ಯವಹಾರವಿಲ್ಲ ಎಂದಷ್ಟೇ ಅರ್ಥ, ತಕರಾರೇ ಇಲ್ಲವೆಂದಲ್ಲ. ಉಯಿಲಿಗಂತೂ ನೋಂದಣಿ ಕಡ್ಡಾಯವಲ್ಲ. ಹಿಂದೂ ಕುಟುಂಬದ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಇಲ್ಲದ ಕ್ರಯಪತ್ರ ನಾಳೆ ಕೋರ್ಟಿನ ಮೆಟ್ಟಿಲು ಹತ್ತಿಸೀತು.

ಸುತ್ತಮುತ್ತಲನ್ನೂ ವಿಚಾರಿಸಬೇಕು. ಜೋರು ಮಳೆಯ ಮರುದಿನ ಆ ಬೀದಿಗೆ ಹೋಗಿ, ರಾಜಕಾಲುವೆ ಎಲ್ಲಿ ಹಾದುಹೋಗಿದೆ, ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಪಕ್ಕದ ಮನೆಯ ಹಿರಿಯರನ್ನು ಕೇಳಿ. ಯಾವ ಪತ್ರದಲ್ಲೂ ಇಲ್ಲದ್ದು ಅವರ ನೆನಪಿನಲ್ಲಿರುತ್ತದೆ.

ಮೂಲಪತ್ರದಿಂದ ಇ-ಖಾತಾದವರೆಗೆ ಏನೇನು ಪರಿಶೀಲಿಸಬೇಕೆಂದು ಸಂಪಾದಕರು ಕಾನೂನು ತಜ್ಞರಿಂದ ಲೇಖನಮಾಲೆ ಬರೆಸಬೇಕೆಂದು ಕೋರುತ್ತೇನೆ.

– ಓದುಗ, ಜಯನಗರ, ಬೆಂಗಳೂರು