ಶಾಲು ಬೇಡ, ಕೂಲಿ ಕೊಡಿ

ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ಇತ್ತೀಚೆಗೆ ಕೌದಿಗೆ ಎಲ್ಲಿಲ್ಲದ ಮರ್ಯಾದೆ ಬಂದಿದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ನೋಡಿದೆ. ಗೋಡೆಗೆ ನೇತುಹಾಕಿ, ಮೇಲಿಂದ ಲೈಟು ಬಿಟ್ಟು, ಕೆಳಗೊಂದು ಚೀಟಿ ಅಂಟಿಸಿದ್ದಾರೆ. ಉತ್ತರ ಕರ್ನಾಟಕದ ಅಜ್ಜಿಯರ ಪ್ರೀತಿಯ ಹೊಲಿಗೆಯಂತೆ. ಬೆಲೆ 6,500 ರೂಪಾಯಿ. ಯಾವ ಅಜ್ಜಿ? ಯಾವ ಓಣಿಯವಳು? ಅವಳ ಕೈಯಿಂದ ನೀರು ಕುಡೀತೀರಾ? ಚೀಟಿಯಲ್ಲಿ ಪರಿಸರ ಇದೆ, ಪರಂಪರೆ ಇದೆ, ಪ್ರೀತಿ ಇದೆ. ಹೊಲಿದವಳಿಗೆ ಎಷ್ಟು ಕೊಟ್ಟಿರಿ ಅನ್ನೋದು ಮಾತ್ರ ಇಲ್ಲ.

ಕೌದಿಯಲ್ಲಿ ಪ್ರೀತಿ ಇಲ್ಲ ಅಂತ ಯಾರಂದ್ರು? ನಾನು ಹುಟ್ಟಿ ಮಲಗಿದ್ದೇ ಅವ್ವನ ಹಳೇ ಸೀರೆ, ಅಪ್ಪನ ಧೋತರ ಸೇರಿಸಿ ಹೊಲಿದ ಕೌದಿ ಮೇಲೆ. ನಮ್ಮ ಮನೆಯಲ್ಲಿ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟರೆ ಕೂಸಿನ ಕೌದಿ ಜೊತೆಗೆ ಹೋಗಲೇಬೇಕು. ಗುಳೆ ಹೋಗೋವಾಗ, ಗೋವಾಕ್ಕೋ ಪುಣೆಗೋ ಬೆಂಗಳೂರಿಗೋ, ರೊಟ್ಟಿ ಗಂಟಿನ ಜೊತೆ ಸುತ್ತಿಕೊಂಡು ಹೋಗೋದು ಕೌದಿನೇ. ತಗಡಿನ ಶೆಡ್ಡಿನಲ್ಲಿ ಅದೇ ಹಾಸಿಗೆ, ಅದೇ ಹೊದಿಕೆ, ಹೆಣ್ಣುಮಕ್ಕಳು ಮೈ ತೊಳೆಯೋವಾಗ ಅದೇ ಪರದೆ.

ನಮ್ಮ ಓಣಿಯ ಒಬ್ಬ ಚಿಗವ್ವನ ಮಗ ಕಟ್ಟಡದ ಕೆಲಸಕ್ಕೆ ಹೋದವನು ಮೇಲಿಂದ ಬಿದ್ದು ತೀರಿಕೊಂಡ. ಹೆಣದ ಜೊತೆ ಅವನ ಅರಿವೆಯ ಚೀಲವೂ ಬಂತು. ಚಿಗವ್ವ ತಿಂಗಳುಗಟ್ಟಲೆ ಆ ಚೀಲ ಬಿಚ್ಚಲಿಲ್ಲ, ಯಾರಿಗೂ ಬಿಚ್ಚಗೊಡಲಿಲ್ಲ. ಕೊನೆಗೆ ಅವ್ವ, ದೊಡ್ಡವ್ವ ಹೋಗಿ ಕೂತು ಕೇಳಿ ತಂದರು. ನಾಲ್ಕು ಅಂಗಿ, ಎರಡು ಲುಂಗಿ. ಅಂಗಿಯ ಜೇಬು ಬಿಚ್ಚೋಕೆ ಅವ್ವ ಕತ್ತರಿ ಹಾಕಿದಾಗ ದೊಡ್ಡವ್ವ ಕೈ ಹಿಡಿದಳು, "ಹಂಗ ಇರಲಿ ಬಿಡ ಬೇ." ಜೇಬು ಸಮೇತ ಮೇಲಿನ ಪದರಕ್ಕೆ ಹಚ್ಚಿ ಹೊಲಿದರು. ಚಿಗವ್ವ ಈಗ ಎಲೆಅಡಿಕೆ ಇಟ್ಟುಕೊಳ್ಳೋದು ಆ ಜೇಬಿನಲ್ಲೇ.

ಅದಕ್ಕೆ ಅವ್ವ ಒಂದು ಪೈಸೆ ಮುಟ್ಟಲಿಲ್ಲ. ಕೇಳಿದ್ದರೆ ನಾವೇ ಬೈತಿದ್ವಿ. ಯಾರಿಗೆ ಪುಕ್ಕಟೆ ಹೊಲೀಬೇಕು, ಯಾರಿಗೆ ಹೊಲೀಬಾರದು ಅನ್ನೋದು ಅವಳಿಗೆ ಬಿಟ್ಟಿದ್ದು. ಪ್ರೀತಿ ಹೆಸರು ಹೇಳಿ ನೀವು ಕಿತ್ತುಕೊಳ್ತಿರೋದು ಆ ಹಕ್ಕನ್ನ. ಚಿಗವ್ವನಿಗೆ ಕೊಟ್ಟ ಹಾಗೇ ಅಂಗಡಿಯವನಿಗೂ ಕೊಡಬೇಕು ಅಂದ್ರೆ ಹೇಗೆ?

ಕೆಲಸ ಏನು ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಗೋಡೆ ಮೇಲೆ ನೋಡಿದರೆ ಗೊತ್ತಾಗಲ್ಲ. ಅರಿವೆ ಒಗೆದು ಒಣಗಿಸಿ, ಜೀರ್ಣವಾದ ಭಾಗ ಹರಿದು ತೆಗೀಬೇಕು. ಗಟ್ಟಿಯಾಗಿರೋ ಒಂದು ಸೀರೆ ಕೆಳಗೆ, ಹರಕು ಸೀರೆಗಳು ನಡುವೆ, ಬಣ್ಣದ ತುಂಡುಗಳು ಮೇಲೆ. ನೆಲದ ಮೇಲೆ ಹಾಸಿ, ಎಲ್ಲೂ ಗಾಳಿ ಉಬ್ಬದ ಹಾಗೆ ಎಳೆದು, ನಾಲ್ಕು ಮೂಲೆಗೆ ಕಲ್ಲು ಹೇರಬೇಕು. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ. ಆಮೇಲೆ ಅಂಚಿನಿಂದ ಶುರು, ನಾಲ್ಕೂ ಬದಿ ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಬರಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳು. ಐದು ಪದರದಲ್ಲಿ ಸೂಜಿ ತೂರಿಸಿ ಎಳೆದರೆ ಸಂಜೆ ಹೊತ್ತಿಗೆ ಹೆಬ್ಬೆರಳು ಮರಗಟ್ಟಿರುತ್ತೆ. ಕೌದಿ ಮೇಲೇ ಕುಕ್ಕರುಗಾಲಲ್ಲಿ ಕೂತು ಹಿಂದೆ ಸರೀತಾ ಹೊಲಿಯೋದರಿಂದ ಅವ್ವನಿಗೆ ಈಗ ಮಂಡಿ ಮಡಚಕ್ಕೆ ಬರಲ್ಲ. ಕೊನೆಯ ತುಂಡು ಮುಚ್ಚೋ ಮುಂಚೆ ನಮ್ಮ ಮನೆಯಲ್ಲಿ ಒಳಗೆ ಒಂದು ಚೂರು ರೊಟ್ಟಿ ಇಡ್ತಾರೆ, ಕೌದಿ ಹಸಿದುಕೊಂಡು ಇರಬಾರದು ಅಂತ. (ಇದನ್ನ ಹೇಳಿದ್ದೇ ತಡ, ಒಬ್ಬ ಡಿಸೈನರ್ ಮೇಡಂ ಕಣ್ಣಲ್ಲಿ ನೀರು ತಂದುಕೊಂಡು ಬರಕೊಂಡರು. ಹೊಲಿದವಳು ಉಂಡಿದ್ದಾಳಾ ಅಂತ ಕೇಳಲಿಲ್ಲ.)

ಈಗ ಪಾಲಿಯೆಸ್ಟರ್ ಸೀರೆ ಜಾಸ್ತಿ. ಅದರಲ್ಲಿ ಸೂಜಿ ಜಾರುತ್ತೆ, ಹೊದ್ದರೆ ಬೆವರು ಹೀರಲ್ಲ. ಹಳೇ ಹತ್ತಿ ಸೀರೆ ಸಿಗೋದೇ ಕಷ್ಟ. ಅದಕ್ಕೇ ಹೇಳ್ತೀನಿ, 'ತ್ಯಾಜ್ಯದಿಂದ ಕಲೆ' ಅನ್ನೋ ಮಾತು ನಮ್ಮ ಹತ್ತಿರ ಬೇಡ. ನಮ್ಮ ಮನೆಯಲ್ಲಿ ಸೀರೆ ಯಾವತ್ತೂ ತ್ಯಾಜ್ಯ ಆಗಿರಲಿಲ್ಲ. ಭೂಮಿ ಉಳಿಸೋಣ ಅಂತ ನಮ್ಮವ್ವ ಹರಕು ಎತ್ತಿಟ್ಟವಳಲ್ಲ. ಹೊದೆಯೋಕೆ ಬೇರೆ ಇರಲಿಲ್ಲ.

ಊರೊಳಗಿನ ದೊಡ್ಡ ಮನೆಗಳಿಗೂ ಅವ್ವ ಹೊಲಿದಿದ್ದಾಳೆ. ಸೀರೆ ಗಂಟನ್ನ ಕಟ್ಟೆ ಮೇಲಿಂದ ಕೆಳಗೆ ಹಾಕ್ತಿದ್ರು, ಕೈಗೆ ಕೊಡ್ತಿರಲಿಲ್ಲ. ಕೌದಿ ಮುಗಿಸಿ ಒಯ್ದರೆ ನಾಲ್ಕು ಸೇರು ಜೋಳ. ಹೊಲಿದಿದ್ದನ್ನ ಒಳಗೆ ಒಯ್ಯೋ ಮುಂಚೆ ನೀರು ಚಿಮುಕಿಸಿ ಬಿಸಿಲಿಗೆ ಹಾಕ್ತಿದ್ರು. ಆಮೇಲೆ ಚಳಿಗಾಲ ಪೂರ್ತಿ ಮೂಗಿನ ತನಕ ಎಳೆದುಕೊಂಡು ಮಲಗ್ತಿದ್ರು. ಅವ್ವನ ಬೆರಳು ಆಡದ ಒಂದು ಅಂಗುಲ ಜಾಗ ಇರಲಿಲ್ಲ ಅದರಲ್ಲಿ. ಕಟ್ಟೆ ಮೇಲಿನವರು ಕೊನೆಗೆ ನಾಲ್ಕು ಸೇರು ಜೋಳನಾದರೂ ಅಳೀತಿದ್ರು.

ಕಲೆ-ಸಂಸ್ಕೃತಿ ಅಂತ ಕೆಲಸ ಮಾಡೋ ಬೆಂಗಳೂರಿನ ಒಂದು ಸಂಸ್ಥೆ (ಹೆಸರು ಬೇಡ) ಕೌದಿ ಕಲಿಸೋ ಕಮ್ಮಟ ಇಟ್ಟಿತ್ತು. ಕಲಿಯೋಕೆ ಬಂದವರ ಹತ್ತಿರ ತಲೆಗೆ 2,500 ರೂಪಾಯಿ. ಇಪ್ಪತ್ತೆರಡು ಮಂದಿ ಇದ್ರು, ನಾನೇ ಎಣಿಸಿದ್ದು. ಅವ್ವ, ದೊಡ್ಡವ್ವ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನಿಂದ ಸಂಜೆ ತನಕ ಒಬ್ಬೊಬ್ಬರ ಕೈ ಹಿಡಿದು ಸೂಜಿ ಹಾಕೋದು ಕಲಿಸಿದರು. ಕೊನೆಗೆ ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಚಪ್ಪಾಳೆ ಹೊಡೆದರು. ಲಕೋಟೆಯಲ್ಲಿ ಬಸ್ ಚಾರ್ಜು. ಅಷ್ಟೇ. ಸಂಭಾವನೆ ಕೇಳಿದರೆ, "ಅಯ್ಯೋ, ಅಮ್ಮನಿಗೆ ದುಡ್ಡು ಕೊಟ್ಟು ಅವಮಾನ ಮಾಡೋಕಾಗುತ್ತಾ?" ಅಂತ ಉತ್ತರ. ಆ ಇಪ್ಪತ್ತೆರಡು ಮಂದಿಯ ದುಡ್ಡು ತಗೊಳ್ಳೋವಾಗ ಅವಮಾನ ಎಲ್ಲಿಗೆ ಹೋಗಿತ್ತು?

ಮನೆಗೆ ಬಂದು ಅವ್ವ ಶಾಲನ್ನ ಬೆರಳಲ್ಲಿ ಉಜ್ಜಿ ನೋಡಿದಳು. "ಇದು ಹೊದ್ಯಾಕೂ ಬರೂದಿಲ್ಲ, ಕೌದ್ಯಾಗ ಹಾಕಾಕೂ ಬರೂದಿಲ್ಲ," ಅಂದಳು.

ಅದೇ ಸಂಸ್ಥೆ ಅವ್ವನ ಹತ್ತಿರ ಕೌದಿ ಕೊಂಡಿದ್ದು 900 ರೂಪಾಯಿಗೆ. ಲೆಕ್ಕ ಮಾಡೋಣ. ಒಂಟಿ ಕೌದಿಗೆ ಅವ್ವನಿಗೆ ಇಪ್ಪತ್ತು ಮಧ್ಯಾಹ್ನ ಬೇಕು, ದಿನಕ್ಕೆ ಮೂರು ತಾಸು. ಅರವತ್ತು ತಾಸು ಅಂದ್ರೆ ಎಂಟು ತಾಸಿನ ಏಳೂವರೆ ದಿನ. ಕರ್ನಾಟಕದಲ್ಲಿ 2025-26ರ ನರೇಗಾ ದಿನಗೂಲಿ 370 ರೂಪಾಯಿ. ಮಣ್ಣು ಹೊರೋ ಕೂಲಿಯ ದರ ಹಿಡಿದರೂ 2,775 ರೂಪಾಯಿ ಆಗುತ್ತೆ. ದಾರ, ಸೂಜಿ, ಸೀರೆ ಬೇರೆ. ನಲವತ್ತು ವರ್ಷದ ಕೈಚಳಕಕ್ಕೆ ಇನ್ನೂ ಏನೂ ಸೇರಿಸಿಲ್ಲ.

ಕೌದಿ ನಮ್ಮೊಬ್ಬರದೇ ಆಸ್ತಿ ಅಂತ ನಾನು ಹೇಳ್ತಿಲ್ಲ. ಊರೂರು ಸುತ್ತಿ ಹೊಲಿದು ಕೊಡೋ ಅಲೆಮಾರಿ ಹೆಣ್ಣುಮಕ್ಕಳಿದ್ದಾರೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳ ಕೌದಿಗೆ ಬೇರೆಯದೇ ಬಣ್ಣದ ಲೆಕ್ಕ ಇದೆ. ನಮ್ಮೆಲ್ಲರಿಗೂ ಒಂದೇ ದರದಲ್ಲಿ ಮೋಸ ಆಗ್ತಿದೆ.

ಅಮೆರಿಕದಲ್ಲೂ ಇದೇ ಕತೆ ನಡೆದಿದೆ. ಅಲಬಾಮಾದ ಗೀಸ್ ಬೆಂಡ್ ಅನ್ನೋ ಊರು, ಗುಲಾಮರಾಗಿದ್ದವರ ಮೊಮ್ಮಕ್ಕಳ ಊರು. ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಹೊರಟ ಕಾಲದಲ್ಲೇ, 1962ರಲ್ಲಿ, ಅವರು ನದಿ ದಾಟೋ ದೋಣಿ ನಿಂತುಹೋಯಿತು. ಮತ್ತೆ ಶುರುವಾಗಿದ್ದು 2006ರಲ್ಲಿ. ಆ ಭಾಗದ ಹೆಣ್ಣುಮಕ್ಕಳು 1966ರಲ್ಲಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಅಂತ ತಮ್ಮದೇ ಸಹಕಾರ ಸಂಘ ಕಟ್ಟಿ, ಕೌದಿಯಂಥದೇ ಹೊದಿಕೆ ಹೊಲಿದು ನ್ಯೂಯಾರ್ಕಿಗೆ ಮಾರಿದರು. ಮುಂದೆ 2002ರಲ್ಲಿ ಅವರ ಹೊದಿಕೆಗಳು ಅಲ್ಲಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯೂ ಬಂತು. 2007ರಲ್ಲಿ ಹೊಲಿದವರಲ್ಲೇ ಕೆಲವರು, ನಮ್ಮ ಪಾಲು ನಮಗೆ ಬಂದಿಲ್ಲ ಅಂತ ಕೋರ್ಟಿಗೆ ಹೋದರು. ಮರುವರ್ಷ ಆ ಮೊಕದ್ದಮೆಗಳು ಇತ್ಯರ್ಥವಾದವು. ಗೋಡೆ ಏರಿದ ಮೇಲೂ ಲೆಕ್ಕ ಕೇಳಬೇಕಾಯ್ತು, ಕೇಳಿದರು.

ಇನ್ನು ನಮ್ಮ ಅಣ್ಣಂದಿರ ಸರದಿ. ಈ ವಿಷಯ ಎತ್ತಿದಾಗ ಒಬ್ಬರು, "ಕೌದಿ ಬಡತನದ ಗುರುತು ತಂಗಿ, ಬಾಬಾಸಾಹೇಬರು ಇಂಥದ್ದನ್ನೆಲ್ಲ ಬಿಡಿ ಅಂದಿದ್ದರು," ಅಂದರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರು ಅಂತ ಗುರುತು ಹಿಡಿಸೋ ಉಡುಗೆ ಒಡವೆ ಬಿಡಿ ಅಂದದ್ದು ನಿಜ. ಅದು ಮೈಮೇಲೆ ಜಾತಿ ಹೊರಿಸಿದ್ದ ಗುರುತು. ಕೌದಿ ಹೊಲಿ ಅಂತ ಯಾವ ಊರಗೌಡ ನಮಗೆ ಕಟ್ಟಳೆ ಮಾಡಿದ್ದ? ಅದು ನಮ್ಮ ಮಕ್ಕಳು ಚಳಿಗೆ ಸಾಯಬಾರದು ಅಂತ ನಮ್ಮ ಹೆಣ್ಣುಮಕ್ಕಳು ತಾವೇ ಕಂಡುಕೊಂಡ ದಾರಿ. ಅಂದಹಾಗೆ, ಅಹೋರಾತ್ರಿ ಧರಣಿಗೆ ಕೂತಾಗ ನೀವು ಮಲಗಿದ್ದು ಯಾವುದರ ಮೇಲೆ ಅಣ್ಣಾ? ನೆಲಕ್ಕೆ ಹಾಸೋಕೆ ಕೌದಿ ಬೇಕು, ವೇದಿಕೆ ಮೇಲೆ ಮಾತಿಗೆ ಬೇಡವಾ? ನಮ್ಮ ಸಭೆಗಳಲ್ಲೂ ಅಡುಗೆ ಮಾಡಿದ, ಹಾಡು ಹೇಳಿದ ಹೆಣ್ಣುಮಕ್ಕಳಿಗೆ ಶಾಲು ಹೊದಿಸಿ ಕೈ ಮುಗಿದು ಕಳಿಸೋ ರೂಢಿ ಇದೆಯಲ್ಲ, ಅದೂ ನಿಲ್ಲಬೇಕು.

ಆ ಸಂಸ್ಥೆಯವರು ಮತ್ತೆ ಫೋನ್ ಮಾಡಿದ್ದಾರೆ, ಎರಡನೇ ಕಮ್ಮಟಕ್ಕೆ. ನಾನು ಬರೆದು ಕಳಿಸಿದ್ದು ಇಷ್ಟು. ಕಲಿಸೋ ದಿನಕ್ಕೆ ಒಬ್ಬೊಬ್ಬರಿಗೆ 3,000 ರೂಪಾಯಿ, ಬಂದುಹೋಗೋ ದಿನಗಳಿಗೂ ಕೂಲಿ. ಕೌದಿ ಮಾರಿದರೆ ಮೊದಲು ಕೂಲಿ, ಉಳಿದದ್ದರಲ್ಲಿ ಅರ್ಧ. ಅವರು ಒಪ್ಪಿದರೆ ಚೀಟಿ ಮೇಲೆ ಅವರ ಹೆಸರು, 'ಅಜ್ಜಿ' ಅಂತ ಅಲ್ಲ. ಕೇಳದೆ ಫೋಟೋ ತೆಗೆಯಂಗಿಲ್ಲ. ಚಿಗವ್ವನ ಮನೆಯ ಕೌದಿಯನ್ನ 'ಪ್ರದರ್ಶನಕ್ಕೆ' ಕೇಳೋದು ಇವತ್ತಿಗೇ ನಿಲ್ಲಲಿ, ಅದು ಯಾವ ದರಕ್ಕೂ ಸಿಗಲ್ಲ. ಶಾಲು ಬೇಡ.

ಬಜೆಟ್ ನೋಡಿ ಹೇಳ್ತೀವಿ ಅಂದಿದ್ದಾರೆ. ನೋಡಲಿ. ಹೇಗೂ ಮುಂದಿನ ತಿಂಗಳು ತಂಗಿಯ ಹೆರಿಗೆ. ಕೂಸಿನ ಕೌದಿ ಮುಗಿಯೋ ತನಕ ಹೊರಗಿನ ಹೊಲಿಗೆ ಮುಟ್ಟಂಗಿಲ್ಲ ಅಂತ ಅವ್ವ ಹೇಳ್ಯಾಳ. ಯಾರ ಮನೆಯಲ್ಲಾದರೂ ಹಳೇ ಹತ್ತಿ ಸೀರೆ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ದುಡ್ಡು ಕೊಟ್ಟೇ ತಗೋತೀವಿ.

ಜೈ ಭೀಮ್.