ಸಲಹೆಗೂ ಆಕರ ಬೇಕು

ನಮ್ಮಲ್ಲಿ ಬೈಕ್ ಓಡಿಸುವವರಿಗೆ ಬೇರೆ ಯಾವುದಕ್ಕೆ ಕೊರತೆಯಾದರೂ ಸಲಹೆಗೆ ಕೊರತೆಯಿಲ್ಲ. ಪೆಟ್ರೋಲ್ ಬಂಕಿನಲ್ಲಿ ಸರದಿಗೆ ನಿಂತಿದ್ದರೆ ಪಕ್ಕದವರು ಹಿಂದಿನ ಟೈರು ನೋಡಿ ಒಂದು ಮಾತು ಹೇಳುತ್ತಾರೆ. ಟೀ ಅಂಗಡಿ ಮುಂದೆ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಇನ್ನೊಬ್ಬರು ಬಂದು ಸೈಲೆನ್ಸರ್ ಬದಲಾಯಿಸಿ ಅನ್ನುತ್ತಾರೆ. ಓಡಿಸುತ್ತಿರುವುದು ಹೆಣ್ಣು ಎಂದು ಗೊತ್ತಾದರಂತೂ ಸಲಹೆ ಎರಡು ಪಟ್ಟು: ಸೀಟು ತಗ್ಗಿಸಿ, ಹ್ಯಾಂಡಲ್ ಎತ್ತರಿಸಿ, ‘ಯಾರಾದ್ರೂ ಹುಡುಗ್ರಿಗೆ ಹೇಳಿ ಚೈನ್ ಟೈಟ್ ಮಾಡಿಸ್ಕೊಳ್ಳಿ.’ ಆರು ವರ್ಷಗಳಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದೇನೆ, ಅರ್ಧದಷ್ಟನ್ನು ಪಾಲಿಸಿದ್ದೇನೆ, ಕೆಲವನ್ನು ಬೇರೆಯವರಿಗೂ ದಾಟಿಸಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ: ರೈಡರ್ ಗೆಳೆಯರ ಸಲಹೆಯನ್ನು ನಾವು ತುಂಬಾ ಅಗ್ಗವಾಗಿ ಕೊಡುತ್ತೇವೆ, ಅಷ್ಟೇ ಅಗ್ಗವಾಗಿ ತೆಗೆದುಕೊಳ್ಳುತ್ತೇವೆ. ಹಾಗೆ ಕೊಟ್ಟ ಒಂದು ಸಲಹೆ ನಂಬಿ ನನ್ನ ಜೂನಿಯರ್ ಒಬ್ಬ ಕಾಲರ್ ಬೋನ್ ಮುರಿದುಕೊಂಡ. ಸಲಹೆ ಕೊಟ್ಟವಳು ನಾನು.

ನಡೆದದ್ದು ಇಷ್ಟು. ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಸಂಶೋಧನಾ ವಿದ್ಯಾರ್ಥಿಗಳು ಮೈಸೂರಿನಿಂದ ಕೊಟ್ಟಿಗೆಹಾರಕ್ಕೆ ಹೊರಟಿದ್ದೆವು. ಹಾಸನ, ಬೇಲೂರು, ಮೂಡಿಗೆರೆ ದಾಟಿ ಹೋಗುವ ದಾರಿ. ತೇಜಸ್ವಿ ಪ್ರತಿಷ್ಠಾನ ನೋಡಿ, ನೀರುದೋಸೆ ತಿಂದು, ಮರುದಿನ ವಾಪಸಾಗುವುದೆಂದು ಲೆಕ್ಕ. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಹಿಮಾಲಯನ್ 411. ಅವನದು ಅಪ್ಪ ಕೊಡಿಸಿದ 150 ಸಿಸಿ ಬೈಕು. ಹೊರಡುವ ಹಿಂದಿನ ಸಂಜೆ ಕೇಳಿದ: “ಅಕ್ಕ, ಮಳೆ ಜೋರಿರುತ್ತಲ್ಲ, ಟೈರಿಗೆ ಗಾಳಿ ಎಷ್ಟು ಹಾಕಿಸ್ಲಿ?” ನಾನು ಯೋಚಿಸಲೂ ಇಲ್ಲ. “ಆರೇಳು ಪಾಯಿಂಟ್ ಕಮ್ಮಿ ಇರ್ಲಿ ಕಣೋ, ಒದ್ದೆ ರಸ್ತೇಲಿ ಗ್ರಿಪ್ ಚೆನ್ನಾಗಿ ಸಿಗುತ್ತೆ” ಎಂದೆ. ಮೂಡಿಗೆರೆ ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆ ಮೇಲೆ ತೆಳುವಾಗಿ ನೀರು ನಿಂತಿತ್ತು. ಅವನ ವೇಗ ಹೆಚ್ಚೇನೂ ಇರಲಿಲ್ಲ. ಮುಂದಿನ ಚಕ್ರ ಜಾರಿತು. ಅದಕ್ಕೆ ಗಾಳಿಯೊಂದೇ ಕಾರಣ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಬೇರೆ ಕಾರಣಗಳಿಗೆ ನಾನು ಹೊಣೆಯಲ್ಲ, ಆ ಒಂದಕ್ಕೆ ನಾನೇ ಹೊಣೆ.

ಗಾಳಿ ಕಮ್ಮಿ ಮಾಡಿ ಎಂಬ ಮಾತು ಎಲ್ಲಿಂದ ಬಂತು? ಆಮೇಲೆ ಕೂತು ಹಿಂದೆ ಹಿಂದೆ ಹುಡುಕುತ್ತಾ ಹೋದೆ. ನನಗೆ ಹೇಳಿದ್ದು ಬೆಂಗಳೂರಿನ ಒಬ್ಬ ರೈಡರ್. ಅವರಿಗೆ ಹೇಳಿದ್ದು ಲಡಾಖಿಗೆ ಹೋಗಿಬಂದ ಅವರ ಗೆಳೆಯ. ಅಲ್ಲಿನ ಮರಳಲ್ಲಿ, ಸಡಿಲ ಜಲ್ಲಿಯಲ್ಲಿ, ನಿಧಾನವಾಗಿ ಹೋಗುವಾಗ ಗಾಳಿ ಕಮ್ಮಿ ಮಾಡುವುದು ಸರಿಯೇ. ಟೈರು ಅಗಲವಾಗಿ ಕೂರುತ್ತದೆ, ಹೂತುಹೋಗುವುದಿಲ್ಲ. ಡಾಂಬರಿನ ಮೇಲೆ ನಿಂತ ನೀರಿನ ಕಥೆ ಬೇರೆ. ಅಲ್ಲಿ ಟೈರು ನೀರನ್ನು ಒತ್ತಿ, ತನ್ನ ಗೀರುಗಳ ಮೂಲಕ ಹೊರಗೆ ತಳ್ಳಬೇಕು. ಗಾಳಿ ತೀರಾ ಕಮ್ಮಿಯಾದರೆ ಒತ್ತುವ ಬಲ ಕುಗ್ಗುತ್ತದೆ, ಗೀರುಗಳು ಮುದುಡುತ್ತವೆ, ಟೈರು ನೀರಿನ ಮೇಲೆ ತೇಲುವ ಸಾಧ್ಯತೆ ಹೆಚ್ಚುತ್ತದೆ. ಲಡಾಖಿನಲ್ಲಿ ಹುಟ್ಟಿದ ಮಾತು ಮೂಡಿಗೆರೆಗೆ ಬರುವಷ್ಟರಲ್ಲಿ ಮರಳು ಕಳೆದುಹೋಯಿತು, ‘ನಿಧಾನವಾಗಿ’ ಎಂಬುದು ಕಳೆದುಹೋಯಿತು. ಉಳಿದದ್ದು ‘ಗಾಳಿ ಕಮ್ಮಿ ಮಾಡು’ ಅನ್ನುವುದಷ್ಟೇ.

ನನಗೆ ನಾಚಿಕೆಯಾಗಲು ಇನ್ನೊಂದು ಕಾರಣವಿದೆ. ನನ್ನ ಸಂಶೋಧನೆಯ ವಿಷಯ ಗ್ರಂಥಸಂಪಾದನೆ. ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಲಿಪಿಕಾರ ಎಲ್ಲಿ ಎಡವಿದ, ಯಾವ ಸಾಲು ಆಮೇಲೆ ಸೇರಿದ್ದು, ಯಾವ ಪಾಠ ಮೂಲಕ್ಕೆ ಹತ್ತಿರ ಎಂದು ಹುಡುಕುವ ಕೆಲಸ. ಈ ಶಾಸ್ತ್ರದಲ್ಲಿ ಮೊದಲಿಗೇ ಕಲಿಸುವ ಒಂದು ಮಾತಿದೆ: ಪ್ರತಿಗಳನ್ನು ಎಣಿಸಬಾರದು, ತೂಗಬೇಕು. ಹತ್ತು ಪ್ರತಿಗಳಲ್ಲಿ ಒಂದೇ ಪಾಠವಿದೆ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಹತ್ತೂ ಒಂದೇ ತಪ್ಪು ಪ್ರತಿಯನ್ನು ನೋಡಿ ಬರೆದವಾಗಿರಬಹುದು. ಹಗಲೆಲ್ಲ ಲೈಬ್ರರಿಯಲ್ಲಿ ಒಂದು ಅಕ್ಷರದ ಪಾಠಾಂತರಕ್ಕೂ ಆಕರ ಕೇಳುವ ನಾನು, ಸಂಜೆ ಹಾಸ್ಟೆಲಿನ ಬೈಕ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿದ್ದನ್ನು ಕೇಳಿದ ಹಾಗೇ ನಕಲು ಮಾಡಿ ಕೊಟ್ಟೆ. ‘ಎಲ್ಲರೂ ಹಾಗೇ ಹೇಳ್ತಾರೆ’ ಎಂಬುದೇ ನನಗೆ ಸಾಕ್ಷಿಯಾಗಿತ್ತು.

ಇದು ಹೊಸ ರೋಗವೇನಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಅಲ್ಲಿಂದ ಹೊರಬಂದವು. ಕಿಕ್ ಹೊಡೆದ ಲಿವರನ್ನೇ ಮಡಚಿ ಗೇರ್ ಹಾಕುವ ಆ ಬೈಕಿನ ನೆನಪು ಈ ಊರಿನ ಎಷ್ಟೋ ಮನೆಗಳಲ್ಲಿದೆ. ನನ್ನ ಸೋದರಮಾವನ ಬಳಿಯೂ ಒಂದು ಯೆಜ್ಡಿ ಇತ್ತು. ನಾನು ಬೈಕ್ ಕೊಂಡಾಗ ಅವರು ಪ್ರೀತಿಯಿಂದ ಹೇಳಿದ ಮೊದಲ ಮಾತು: “ಪೆಟ್ರೋಲ್ ಹಾಕಿಸ್ದಾಗೆಲ್ಲ ಒಂದ್ ಮುಚ್ಚಳ ಆಯಿಲ್ ಬೆರೆಸಮ್ಮ, ಇಂಜಿನ್ ಬಾಳಿಕೆ ಬರುತ್ತೆ.” ಅವರ ಬೈಕಿಗೆ ಅದು ಅಕ್ಷರಶಃ ಸತ್ಯ. ಅದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿನ ಜೊತೆ ಹೋಗುವ ಆಯಿಲ್ಲೇ ಒಳಗಿನ ಬೇರಿಂಗು, ಪಿಸ್ಟನ್ನುಗಳನ್ನು ಸವೆಯದಂತೆ ಕಾಯುತ್ತದೆ. ನನ್ನದು ಫೋರ್ ಸ್ಟ್ರೋಕ್. ಅದರ ಆಯಿಲ್ ಇಂಜಿನ್ನಿನ ತಳದಲ್ಲಿ ಬೇರೆಯೇ ಇರುತ್ತದೆ. ಪೆಟ್ರೋಲಿಗೆ ಬೆರೆಸಿದರೆ ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಅಷ್ಟೇ. ಮಾವ ಸುಳ್ಳು ಹೇಳಲಿಲ್ಲ. ಮೂಲದಲ್ಲಿ ಸರಿಯಾಗಿದ್ದ ಪಾಠ ತಪ್ಪು ಪ್ರತಿಗೆ ಬಂದು ಕೂತಿತ್ತು. ಕಾರಿನ ಒಳ್ಳೆ ಸಿಂಥೆಟಿಕ್ ಆಯಿಲ್ಲನ್ನೇ ಬೈಕಿಗೂ ಹಾಕಿ ಎನ್ನುವವರದೂ ಇದೇ ಕಥೆ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶ ಇರುವುದರಿಂದ ಕ್ಲಚ್ ಜಾರತೊಡಗುತ್ತದೆ. ಬೈಕಿನ ಆಯಿಲ್ ಡಬ್ಬಿಯ ಮೇಲೆ ‘ಜಾಸೋ ಎಂಎ’ ಎಂದು ಬರೆದಿರುವುದು ಇದಕ್ಕಾಗಿಯೇ. ಓದುವವರು ಎಷ್ಟು ಜನ?

ಹಳೆಯ ಸಲಹೆಗಳಲ್ಲಿ ಕನಿಷ್ಠ ಪ್ರೀತಿ ಇತ್ತು. ಈಗಿನ ಸಲಹೆಗಳಲ್ಲಿ ಮುಕ್ಕಾಲು ಪಾಲು ಕೊನೆಗೆ ಅಂಗಡಿಯ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ವೀಡಿಯೋದಲ್ಲಿ ‘ನಿಮ್ಮ ಅಣ್ಣನಾಗಿ ಹೇಳ್ತಿದೀನಿ’ ಎಂದವರು ಕೊನೆಯಲ್ಲಿ ಡಿಸ್ಕೌಂಟ್ ಕೂಪನ್ ಕೊಡುತ್ತಾರೆ. ನಾನೂ ಬಿದ್ದಿದ್ದೇನೆ. ಹಿಂದಿನ ವರ್ಷ ಫೆಲೋಶಿಪ್ಪಿನ ಬಾಕಿ ಹಣ ಒಟ್ಟಿಗೆ ಬಂದಾಗ ಹೆಚ್ಚುವರಿ ಲೈಟು, ಕ್ರ್ಯಾಶ್ ಗಾರ್ಡು, ಹಿಂದಕ್ಕೊಂದು ದೊಡ್ಡ ಪೆಟ್ಟಿಗೆ ಎಂದು ಹದಿನೆಂಟು ಸಾವಿರ ಸುರಿದೆ. ಬೈಕು ಫೋಟೋದಲ್ಲಿ ಭರ್ಜರಿಯಾಗಿ ಕಾಣುತ್ತಿತ್ತು. ಅದೇ ಗುಂಗಿನಲ್ಲಿ ಚಾರ್ಮಾಡಿ ಘಾಟಿ ಇಳಿದೆ. ತುಂಬಿದ ಪೆಟ್ಟಿಗೆಯ ಭಾರ ಹಿಂದೆ, ನನ್ನ ಕಾಲು ಉದ್ದಕ್ಕೂ ಬ್ರೇಕಿನ ಮೇಲೆ. ಅರ್ಧ ದಾರಿಯಲ್ಲಿ ಹಿಂದಿನ ಬ್ರೇಕ್ ಪೆಡಲ್ ಮೆತ್ತಗಾಯಿತು, ತುಳಿದರೆ ಒಳಗೆ ಹೋಗುತ್ತಿತ್ತು, ಬೈಕು ನಿಲ್ಲುತ್ತಿರಲಿಲ್ಲ. ಗೇರ್ ಇಳಿಸಿ, ಮುಂದಿನ ಬ್ರೇಕ್ ನಂಬಿಕೊಂಡು ಹೇಗೋ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಕೈಕಾಲು ನಡುಗುತ್ತಿದ್ದವು. ಮಂಜು ಕವಿದಿತ್ತು. ಹೊಸ ಲೈಟುಗಳ ಬೆಳಕು ಆ ಮಂಜಿಗೇ ಬಡಿದು ನನ್ನ ಕಣ್ಣಿಗೇ ವಾಪಸು ಬರುತ್ತಿತ್ತು.

ಮೈಸೂರಿಗೆ ಬಂದು ನಮ್ಮ ಮೆಕ್ಯಾನಿಕ್ ಬಳಿ ಹೋದೆ. ಅರವತ್ತು ದಾಟಿದವರು, ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕೆಲಸ ಕಲಿತವರು. ಎಲ್ಲರಿಗೂ ಅವರು ‘ಭಾಯ್’. ಬ್ರೇಕಿನ ಡಬ್ಬಿಯ ಮುಚ್ಚಳ ತೆಗೆದು ನನ್ನನ್ನೇ ಬಗ್ಗಿ ನೋಡಲು ಹೇಳಿದರು. “ಇದೇನಮ್ಮಾ, ಬ್ರೇಕ್ ಆಯಿಲ್ಲೋ ಕಾಫಿ ಡಿಕಾಕ್ಷನ್ನೋ? ಲೈಟ್ ಯಾವಾಗ ಹಾಕಿಸಿದ್ರಿ ಅಂತ ಕೇಳಿದ್ರೆ ತಾರೀಖ್ ಹೇಳ್ತೀರ. ಇದನ್ನ ಯಾವಾಗ ಬದ್ಲಾಯಿಸಿದ್ರಿ ಹೇಳಿ?” ನನ್ನಲ್ಲಿ ಉತ್ತರವಿರಲಿಲ್ಲ. ಬೈಕ್ ಕೊಂಡ ಮೇಲೆ ಒಮ್ಮೆಯೂ ಬದಲಾಯಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ಲಿಗೆ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮ. ನೀರು ಸೇರಿದ ಆಯಿಲ್ಲಿಗೆ ಆ ಮಟ್ಟ 155 ಡಿಗ್ರಿ. ಘಾಟಿಯಲ್ಲಿ ಬ್ರೇಕ್ ತುಳಿದೇ ಇಳಿದರೆ ಕಾದು, ಒಳಗೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಎಷ್ಟು ಒತ್ತಿದರೂ ಒತ್ತಡ ಬ್ರೇಕಿಗೆ ಮುಟ್ಟುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ, ಕೆಲವು ನೂರು ರೂಪಾಯಿಯ ಕೆಲಸ. ನನಗೆ ಸಲಹೆ ಕೊಟ್ಟ ಹತ್ತಾರು ಜನರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಬ್ರೇಕ್ ಆಯಿಲ್ ಬದಲಾಯಿಸಿದ್ದು ಯಾವ ಫೋಟೋದಲ್ಲೂ ಕಾಣುವುದಿಲ್ಲವಲ್ಲ.

ನನ್ನ ಜಗಳ ಇದೇ. ದೂರ ಹೋಗುವ ಬೈಕಿಗೆ ಮೊದಲು ಬೇಕಾದದ್ದು ಟೈರು, ಬ್ರೇಕು, ಚೈನು, ಕೇಬಲ್ಲುಗಳ ಆರೈಕೆ. ಐನೂರು ಕಿಲೋಮೀಟರಿಗೊಮ್ಮೆ ಚೈನ್ ಒರೆಸಿ ಲೂಬ್ ಹಾಕುವುದು, ಹೊರಡುವ ಮುಂಚೆ ನಟ್ಟು ಬೋಲ್ಟು ಮುಟ್ಟಿ ನೋಡುವುದು ಬೇಸರದ ಕೆಲಸ. ನಾವು ಆ ಬೇಸರದಿಂದ ತಪ್ಪಿಸಿಕೊಳ್ಳಲು ಸಾಮಾನು ಕೊಳ್ಳುತ್ತೇವೆ, ಅದಕ್ಕೆ ಅಪ್‌ಗ್ರೇಡ್ ಎಂದು ಹೆಸರಿಡುತ್ತೇವೆ. ಅಪ್‌ಗ್ರೇಡೇ ಬೇಡವೆಂದು ನಾನು ಹೇಳುತ್ತಿಲ್ಲ. ಸೀಟು ಚುಚ್ಚಿ ಬೆನ್ನು ನೋಯುತ್ತಿದ್ದರೆ ಸೀಟು ಸರಿಮಾಡಿಸಿ. ಲೈಟು ನಿಜಕ್ಕೂ ಬೇಕಿದ್ದರೆ ಹಾಕಿಸಿ, ಆದರೆ ಮೊದಲು ಲೆಕ್ಕ ಹಾಕಿ: 40 ವ್ಯಾಟಿನ ಎರಡು ಲೈಟು ಎಂದರೆ 12 ವೋಲ್ಟಿನಲ್ಲಿ ಆರೂಮುಕ್ಕಾಲು ಆಂಪಿಯರಿನ ಹತ್ತಿರ. ರಿಲೇ, ಫ್ಯೂಸ್ ಇಲ್ಲದೆ ಹೆಡ್‌ಲೈಟಿನ ವೈರಿಗೇ ಕಟ್ಟಿದರೆ ವೈರು ಸುಡುತ್ತದೆ. ಬೈಕಿನ ಮೂಲ ವಿವರಗಳನ್ನೇ ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಎಂಬುದೂ ತಿಳಿದಿರಲಿ.

‘ರೈಡರ್‌ಗಳ ಒಗ್ಗಟ್ಟನ್ನೇ ಹಳಿಯುತ್ತಿದ್ದೀಯ’ ಎಂದು ಕೆಲವರಿಗೆ ಸಿಟ್ಟು ಬರಬಹುದು. ಇಲ್ಲ. ಶಿರಾಡಿಯ ದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾಗಿ ನಿಂತಿದ್ದಾಗ, ಹೆಸರೂ ಹೇಳದ ಒಬ್ಬರು ತಮ್ಮ ಬಳಿಯಿದ್ದ ಕೇಬಲ್ ತೆಗೆದು, ಹಾಕಿಕೊಡದೆ, ನನ್ನ ಕೈಯಲ್ಲೇ ಹಾಕಿಸಿದರು. “ನೀವೇ ಹಾಕಿ, ಮುಂದಿನ್ ಸಲ ನಾನಿರಲ್ಲ” ಎಂದರು. ಈವರೆಗೆ ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದು. ನಮ್ಮ ಭಾಯ್ ಕೂಡ ಹಾಗೆಯೇ. ಉತ್ತರ ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತಾರೆ: ಎಷ್ಟು ಕಿಲೋಮೀಟರ್ ಆಯ್ತು, ಎಲ್ಲಿ ಓಡಿಸ್ತೀರಿ, ಹಿಂದೆ ಯಾರು ಕೂರ್ತಾರೆ, ಶಬ್ದ ಬಿಸಿಯಲ್ಲೋ ತಣ್ಣಗಿದ್ದಾಗಲೋ. ನಿಜವಾಗಿ ಗೊತ್ತಿರುವವರು ಹೀಗೆ ಮೊದಲು ಕೇಳುತ್ತಾರೆ. ನಕಲು ಮಾಡುವವರು ಮೊದಲೇ ಹೇಳಿಬಿಡುತ್ತಾರೆ.

ಹಾಗಾಗಿ ನನ್ನ ಒತ್ತಾಯ ಸರಳವಾದದ್ದು. ಸಲಹೆ ಕೊಡುವವರು ನಾಲ್ಕು ವಿಷಯ ಸೇರಿಸಿ ಕೊಡಲಿ: ಯಾವ ಬೈಕು, ಯಾವ ರಸ್ತೆ, ಎಷ್ಟು ಕಿಲೋಮೀಟರ್ ಪರೀಕ್ಷೆಯಾಗಿದೆ, ಮತ್ತು ಹಾಗೆ ಮಾಡಿದ್ದರಿಂದ ಏನು ಕೆಟ್ಟಿತು. ಕೊನೆಯದಕ್ಕೆ ‘ಏನೂ ಕೆಟ್ಟಿಲ್ಲ’ ಎನ್ನುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಕೇಳಿದ ಮಾತಾದರೆ ಕೇಳಿದ್ದು ಎಂದು ಹೇಳಲಿ. ಪ್ರಬಂಧದಲ್ಲಿ ಅಡಿಟಿಪ್ಪಣಿ ಇಲ್ಲದಿದ್ದರೆ ಹೋಗುವುದು ಮಾನ. ಇಲ್ಲಿ ಮೂಳೆ ಮುರಿಯುತ್ತದೆ.

ಅವನು ಈಗ ಹುಷಾರಾಗಿದ್ದಾನೆ. ಕೋರ್ಸ್‌ವರ್ಕ್ ಪರೀಕ್ಷೆ ತಪ್ಪಿಹೋಯಿತು, ಆರು ತಿಂಗಳು ಹಿಂದೆ ಬಿದ್ದ. ಒಮ್ಮೆಯೂ ನನ್ನನ್ನು ದೂರಲಿಲ್ಲ, ಅದೇ ನನಗೆ ಹೆಚ್ಚು ಭಾರ. ಮೊನ್ನೆ ಶ್ರವಣಬೆಳಗೊಳಕ್ಕೆ ಹೊರಟಿದ್ದ. ಸ್ಟ್ಯಾಂಡಿನಲ್ಲಿ ಸಿಕ್ಕಿ ಮತ್ತೆ ಕೇಳಿದ: “ಅಕ್ಕ, ಗಾಳಿ ಎಷ್ಟಿರಲಿ?”

ನನಗೆ ಗೊತ್ತಿಲ್ಲ ಎಂದೆ. ಮ್ಯಾನ್ಯುಯಲ್‌ನಲ್ಲಿ ಎಷ್ಟಿದೆ ಎಂದು ಓದಿಸಿದೆ. ನನ್ನ ಬ್ಯಾಗಿನಲ್ಲಿದ್ದ ಗೇಜನ್ನು ಅವನ ಕೈಗಿಟ್ಟು, ಅವನೇ ಅಳೆಯುವವರೆಗೂ ಪಕ್ಕದಲ್ಲಿ ನಿಂತಿದ್ದೆ.